ನಂಬಿಕೆ ಒಂದು, ಬಾಳಿಕೆ ಇನ್ನೊಂದು

ಯಾವ ಬೈಕು ಗಟ್ಟಿ ಎಂದು ಕೇಳುವವರಿಗೆ ನಾನು ಕೊಡುವ ಸಲಹೆ ಒಂದೇ. ಬೆಳಿಗ್ಗೆ ಆರು ಗಂಟೆಗೆ ಯಾವುದಾದರೂ ಹಳ್ಳಿಯ ಹಾಲಿನ ಡೇರಿ ಮುಂದೆ ಹೋಗಿ ನಿಂತುಕೊಳ್ಳಿ. ಎರಡೂ ಪಕ್ಕಕ್ಕೆ ಕ್ಯಾನು ನೇತುಹಾಕಿಕೊಂಡು, ಸೈಲೆನ್ಸರಿಗೆ ತಂತಿ ಬಿಗಿಸಿಕೊಂಡು, ಹರಿದ ಸೀಟಿನ ಮೇಲೆ ಗೊಬ್ಬರದ ಚೀಲ ಹೊದ್ದುಕೊಂಡು ಬರುವ ಗಾಡಿಗಳನ್ನು ನೋಡಿ. ಸ್ಪ್ಲೆಂಡರ್, ಪ್ಲಾಟಿನಾ, ಟಿವಿಎಸ್ ಎಕ್ಸ್‌ಎಲ್, ಅಪರೂಪಕ್ಕೊಂದು ಹಳೇ ಸಿಡಿ 100. ಒಂದಕ್ಕೆ ಇಂಡಿಕೇಟರ್ ಇರುವುದಿಲ್ಲ, ಇನ್ನೊಂದರ ಮೀಟರ್ ಕೇಬಲ್ ತುಂಡಾಗಿ ಯಾವ ಕಾಲವಾಯಿತೋ. ಆದರೂ ಒಂದೆರಡು ಕಿಕ್ಕಿಗೆ ಸ್ಟಾರ್ಟ್ ಆಗಿ ಹೊರಟುಬಿಡುತ್ತವೆ. ಹಾಲು ಒಡೆಯುವ ಮೊದಲು ಡೇರಿ ಮುಟ್ಟಲೇಬೇಕಾದವನು ಕೈಕೊಡುವ ಗಾಡಿಯನ್ನು ಇಟ್ಟುಕೊಳ್ಳುವುದಿಲ್ಲ.

ಭಾನುವಾರ ಅದೇ ಹೊತ್ತಿಗೆ ನಂದಿ ಬೆಟ್ಟದ ದಾರಿಯಲ್ಲಿ ನಿಂತರೆ ಕಾಣುವ ಗಾಡಿಗಳೇ ಬೇರೆ. ಬುಲೆಟ್ಟು, ಹಿಮಾಲಯನ್ನು, ಡ್ಯೂಕು, ಟ್ರಯಂಫು. ತಿಂಡಿಗೆ ನಿಲ್ಲಿಸಿದ ಕಡೆ ನಡೆಯುವ ಮಾತೂ ಅದೇ, ಯಾವುದು ಗಟ್ಟಿ ಎಂಬುದು. ಇಬ್ಬರೂ ‘ಗಟ್ಟಿ’ ಎನ್ನುತ್ತಾರೆ, ಆದರೆ ಹೇಳುತ್ತಿರುವುದು ಒಂದನ್ನೇ ಅಲ್ಲ. ಡೇರಿಯವನ ಪ್ರಶ್ನೆ, ನಾಳೆ ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆಯೇ ಎಂಬುದು. ಬುಲೆಟ್ಟಿನವನ ಹೆಮ್ಮೆ, ಇದು ಅಪ್ಪನ ಕಾಲದ್ದು ಎಂಬುದು. ಮೊದಲನೆಯದು ನಂಬಿಕೆ, ಎರಡನೆಯದು ಬಾಳಿಕೆ. ಈ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಬೈಕಿನ ಬಗೆಗಿನ ನಮ್ಮ ಅರ್ಧ ಜಗಳಗಳು ಹುಟ್ಟುತ್ತವೆ.

ನಂಬಿಕೆಯ ಗಾಡಿ ನಡುದಾರಿಯಲ್ಲಿ ನಿಲ್ಲುವುದಿಲ್ಲ. ಬಾಳಿಕೆಯ ಗಾಡಿ ನಿಂತರೂ ಮತ್ತೆ ಎದ್ದೇಳುತ್ತದೆ, ಎಷ್ಟು ಸಲ ಬಿಚ್ಚಿ ಜೋಡಿಸಿದರೂ ಇನ್ನೊಂದು ಆಯಸ್ಸಿಗೆ ಅಣಿಯಾಗುತ್ತದೆ. ನಮ್ಮ ಹಳೆಯ ಬೈಕುಗಳಿಗೆ ಎರಡನೆಯ ಗುಣ ಧಾರಾಳವಾಗಿತ್ತು, ಮೊದಲನೆಯದು ಅಷ್ಟಕ್ಕಷ್ಟೆ.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಆ ಕಾರ್ಖಾನೆಯಿಂದ ಮೊದಲು ಜಾವಾ, ಆಮೇಲೆ ಯೆಜ್ಡಿ ಹೊರಬಂದವು. ಕಿಕ್ಕರನ್ನೇ ಮುಂದಕ್ಕೆ ಬಾಗಿಸಿದರೆ ಗೇರ್ ಲಿವರ್ ಆಗುವ, ಜೋಡಿ ಸೈಲೆನ್ಸರಿನ ಆ ಗಾಡಿಗಳು ಕಾರ್ಖಾನೆ ಮುಚ್ಚಿ ಸುಮಾರು ಮೂರು ದಶಕವಾದರೂ ಮೈಸೂರು, ಬೆಂಗಳೂರಿನ ಬೀದಿಗಳಲ್ಲಿ ಇನ್ನೂ ಸದ್ದು ಮಾಡುತ್ತಿವೆ. ಬಾಳಿಕೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆದರೆ ಅವನ್ನು ಓಡಿಸಿದವರ ಟೂಲ್ ಬಾಕ್ಸಿನಲ್ಲಿ ಒಂದು ಹೆಚ್ಚುವರಿ ಪ್ಲಗ್ಗು, ಪಾಯಿಂಟ್ ಉಜ್ಜಲು ಉಪ್ಪುಕಾಗದದ ಒಂದು ತುಂಡು ಇದ್ದೇ ಇರುತ್ತಿದ್ದವು. ಮಳೆಯಲ್ಲಿ ನಿಂತರೆ ಪ್ಲಗ್ ಬಿಚ್ಚಿ ಒರೆಸುವುದು ಸವಾರಿಯ ಒಂದು ಭಾಗವೇ ಆಗಿತ್ತು.

ಮದರಾಸಿನಲ್ಲಿ 1955ರಿಂದ ತಯಾರಾದ ಬುಲೆಟ್ಟಿನ ಕಥೆಯೂ ಇದೇ. ಹಳೆಯ ಎರಕದ ಕಬ್ಬಿಣದ ಇಂಜಿನ್ನಿನ ಬುಲೆಟ್ಟನ್ನು ಸ್ಟಾರ್ಟ್ ಮಾಡುವುದೆಂದರೆ ಚಿಕ್ಕದೊಂದು ಪೂಜಾವಿಧಿ. ಡಿಕಂಪ್ರೆಷನ್ ಲಿವರ್ ಒತ್ತಬೇಕು, ಆಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಕಿಕ್ಕರನ್ನು ಮೆಲ್ಲಗೆ ಇಳಿಸಬೇಕು, ಆಮೇಲೆ ಒಂದೇ ಏಟು. ಲೆಕ್ಕ ತಪ್ಪಿದರೆ ಕಿಕ್ಕರ್ ತಿರುಗಿ ಮೊಣಕಾಲಿಗೆ ಹೊಡೆಯುತ್ತಿತ್ತು. ಗಾಡಿ ನಿಂತ ಜಾಗದಲ್ಲಿ ಎಣ್ಣೆಯ ರಂಗೋಲಿ ಇಲ್ಲದಿದ್ದರೆ ಒಳಗೆ ಎಣ್ಣೆಯೇ ಇಲ್ಲವೆಂದು ಅರ್ಥ ಎಂಬ ತಮಾಷೆಯನ್ನು ಹೇಳುತ್ತಿದ್ದವರು ಬುಲೆಟ್ ಮಾಲೀಕರೇ. ಅಷ್ಟಾದರೂ ಆ ಗಾಡಿಗಳು ತಲೆಮಾರು ದಾಟಿದವು. ಏಕೆ?

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಇಂಜಿನ್ ಎಷ್ಟು ಸಿಸಿ ಎಂಬುದಕ್ಕಿಂತ, ಪ್ರತಿ ಸಿಸಿಯಿಂದ ನಾವು ಎಷ್ಟು ದುಡಿಸುತ್ತಿದ್ದೇವೆ ಎಂಬುದು ಮುಖ್ಯ. ಹಳೇ ಬುಲೆಟ್ 350ರ ಇಂಜಿನ್ 346 ಸಿಸಿ, ಅದು ಕೊಡುತ್ತಿದ್ದ ಶಕ್ತಿ ಸುಮಾರು 18 ಎಚ್‌ಪಿ. ಒಂದು ಲೀಟರ್ ಗಾತ್ರಕ್ಕೆ ಹಿಗ್ಗಿಸಿದರೆ 52 ಎಚ್‌ಪಿ. ಸ್ಪ್ಲೆಂಡರ್ 97.2 ಸಿಸಿ, ಸುಮಾರು 8 ಎಚ್‌ಪಿ. ಲೀಟರಿಗೆ 82ರ ಆಸುಪಾಸು. ಹುಡುಗರ ಕಣ್ಮಣಿಯಾಗಿದ್ದ ಯಮಹಾ ಆರ್‌ಎಕ್ಸ್ 100ರ ಇಂಜಿನ್ 98 ಸಿಸಿ, 11 ಎಚ್‌ಪಿ, ಲೀಟರಿಗೆ 112. 373 ಸಿಸಿಯ ಹಿಂದಿನ ಡ್ಯೂಕ್ 390 ಗಾಡಿಯದು 43 ಎಚ್‌ಪಿ, ಲೀಟರಿಗೆ 115. ರೇಸಿಗೆಂದೇ ಹುಟ್ಟಿದ 600 ಸಿಸಿ ಬೈಕುಗಳಲ್ಲಿ ಈ ಅಂಕಿ 200ರ ಹತ್ತಿರ ಹೋಗುತ್ತದೆ.

ಅಂಕಿ ಏರಿದಷ್ಟೂ ಪಿಸ್ಟನ್ ಹೆಚ್ಚು ವೇಗದಲ್ಲಿ ಓಡಾಡುತ್ತದೆ, ಬಿಸಿ ಹೆಚ್ಚುತ್ತದೆ, ಒಳ್ಳೆಯ ಎಣ್ಣೆಯೂ ಸರಿಯಾದ ತಂಪೂ ಬೇಕಾಗುತ್ತದೆ, ಉದಾಸೀನಕ್ಕೆ ಕ್ಷಮೆ ಸಿಗುವುದಿಲ್ಲ. ಬುಲೆಟ್ ಬಾಳಿದ್ದು ಅದರ ಕಬ್ಬಿಣದ ತೂಕದಿಂದ ಎಂದು ಜನ ನಂಬಿದ್ದಾರೆ. ನಿಜವಾದ ಗುಟ್ಟು ಅದರ ನಿಧಾನ. ಹೊಟ್ಟೆತುಂಬ ಉಂಡು ಅರ್ಧ ಕೆಲಸ ಮಾಡುವ ಎತ್ತಿನ ಹಾಗೆ ಆ ಇಂಜಿನ್ ಎಂದೂ ತನ್ನ ಪೂರ್ತಿ ಬಲ ಹಾಕಲೇ ಇಲ್ಲ. ನಡುನಡುವೆ ಅದನ್ನು ನಿಲ್ಲಿಸುತ್ತಿದ್ದದ್ದು ಸುತ್ತಲಿನ ಚಿಕ್ಕಪುಟ್ಟ ಸಂಗತಿಗಳು: ಪಾಯಿಂಟು, ಕೇಬಲ್ಲು, ಗ್ಯಾಸ್ಕೆಟ್ಟು, ವೈರು.

1985ರಲ್ಲಿ ಬಂದ ಆರ್‌ಎಕ್ಸ್ 100 ಎರಡು ಸ್ಟ್ರೋಕಿನದು, ಪ್ರತಿ ಸುತ್ತಿಗೂ ಒಮ್ಮೆ ಉರಿಯುವಂಥದ್ದು. ಹಾಗಾಗಿ ನಾಲ್ಕು ಸ್ಟ್ರೋಕಿನ ಗಾಡಿಯ ಅಂಕಿಗೂ ಅದರ ಅಂಕಿಗೂ ನೇರ ಹೋಲಿಕೆ ಸಲ್ಲದು. ಆದರೆ ಮೆಕ್ಯಾನಿಕ್‌ಗಳ ಅನುಭವ ಆ ಅಂಕಿ ಹೇಳುವ ಕಡೆಗೇ ಇದೆ. ಎರಡು ಸ್ಟ್ರೋಕಿನ ಇಂಜಿನ್ನಿನಲ್ಲಿ ಪಿಸ್ಟನ್ನಿಗೆ ಸಿಗುವುದು ಪೆಟ್ರೋಲಿನ ಜೊತೆ ಉರಿದುಹೋಗುವ ಎಣ್ಣೆ ಮಾತ್ರ, ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳ ಮೇಲೆ ರಿಂಗುಗಳು ದಿನವಿಡೀ ಉಜ್ಜುತ್ತವೆ. ಆದ್ದರಿಂದ ‘ಬೋರ್ ಹೊಡೆಸುವುದು’ ಎಂಬ ಮಾತು ಆ ಕಾಲದ ಗ್ಯಾರೇಜುಗಳಲ್ಲಿ ನಿತ್ಯದ ಮಾತಾಗಿತ್ತು. ಬಿಡಿಭಾಗ ಕಡಿಮೆ, ಕೆಲಸ ಸುಲಭ, ಅರ್ಧ ದಿನದಲ್ಲಿ ಗಾಡಿ ಮತ್ತೆ ಹೊಸದು. 1996ರ ಹೊತ್ತಿಗೆ ತಯಾರಿಕೆ ನಿಂತ ಆ ಗಾಡಿಗೆ ಇವತ್ತು ಲಕ್ಷ ರೂಪಾಯಿ ದಾಟಿದ ಬೆಲೆ ಕೊಡುವವರಿದ್ದಾರೆ. ಅವರು ಕೊಳ್ಳುತ್ತಿರುವುದು ನಂಬಿಕೆಯನ್ನಲ್ಲ, ಬಾಳಿಕೆಯನ್ನೂ ಅಲ್ಲ, ತಮ್ಮ ಕಾಲೇಜಿನ ದಿನಗಳನ್ನು.

ಹಾಗಾದರೆ ನಂಬಿಕೆ ನಮ್ಮ ರಸ್ತೆಗೆ ಬಂದದ್ದು ಯಾವಾಗ? ಅದರ ಬೇರು ಜಪಾನಿನಲ್ಲಿದೆ. 1958ರಲ್ಲಿ ಹೋಂಡಾ ಕಂಪನಿ ಸೂಪರ್ ಕಬ್ ಎಂಬ ಪುಟ್ಟ ಗಾಡಿ ತಂದಿತು. ಕಂಪನಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಟಕೆಯೊ ಫುಜಿಸಾವಾ ಅವರಿಗೆ ಬೇಕಿದ್ದದ್ದು, ಹೋಟೆಲ್ ಹುಡುಗ ಒಂದು ಕೈಯಲ್ಲಿ ಊಟದ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಓಡಿಸಬಹುದಾದ ಗಾಡಿ. ಇಂಜಿನ್ನಿನ ಕೆಲಸ ಸೊಯಿಚಿರೊ ಹೋಂಡಾ ಅವರದು. ನೆಲಕ್ಕೆ ಹೆಚ್ಚುಕಡಿಮೆ ಮಲಗಿದಂತಿರುವ ಒಂಟಿ ಸಿಲಿಂಡರಿನ, ನಾಲ್ಕು ಸ್ಟ್ರೋಕಿನ ಪುಟಾಣಿ ಇಂಜಿನ್ ಅದು. ಹೊಗೆ ಕಡಿಮೆ, ಕುಡಿಯುವುದು ಕಡಿಮೆ, ಕೆಡುವುದು ಇನ್ನೂ ಕಡಿಮೆ. 2017ರಲ್ಲಿ ಈ ಸರಣಿಯ ಒಟ್ಟು ತಯಾರಿಕೆ 10 ಕೋಟಿ ಮುಟ್ಟಿತು. ಭೂಮಿಯ ಮೇಲೆ ಬೇರೆ ಯಾವ ಮೋಟಾರು ವಾಹನವೂ ಅಷ್ಟು ಸಂಖ್ಯೆಯಲ್ಲಿ ತಯಾರಾಗಿಲ್ಲ.

ಆ ಮನೆತನದ ಇಂಜಿನ್ 1985ರಲ್ಲಿ ಹೀರೋ ಹೋಂಡಾ ಸಿಡಿ 100 ರೂಪದಲ್ಲಿ ನಮ್ಮಲ್ಲಿಗೆ ಬಂತು. ಜಾಹೀರಾತು ಹೇಳಿದ್ದು ಮೂರೇ ಮಾತು: ತುಂಬಿಸಿ, ಮುಚ್ಚಿ, ಮರೆತುಬಿಡಿ. ಲೀಟರಿಗೆ 80 ಕಿ.ಮೀ. ಎಂಬುದನ್ನು ಕೇಳಿ ಜನ ಮೊದಲು ನಕ್ಕರು, ಆಮೇಲೆ ಸಾಲುಗಟ್ಟಿ ನಿಂತರು. 1994ರಲ್ಲಿ ಸ್ಪ್ಲೆಂಡರ್ ಬಂತು. ಎರಡು ಕಂಪನಿಗಳ ದಾಂಪತ್ಯ ಮುರಿದು, 2011ರಲ್ಲಿ ಹೀರೋ ಕಂಪನಿಯ ಹೆಸರೇ ಬದಲಾದರೂ ಸ್ಪ್ಲೆಂಡರ್ ಮಾತ್ರ ಸ್ಪ್ಲೆಂಡರಾಗಿಯೇ ಉಳಿಯಿತು. ಹೊಸತನ ಇಲ್ಲ ಎಂದು ಅದನ್ನು ಹಂಗಿಸುವವರಿದ್ದಾರೆ. ಮೂವತ್ತು ವರ್ಷ ಒಂದೇ ಇಂಜಿನ್ನನ್ನು ತಿದ್ದುತ್ತಾ ಬಂದರೆ ಅದರಲ್ಲಿ ತಪ್ಪು ಉಳಿಯುವ ಜಾಗವೇ ಕಡಿಮೆಯಾಗುತ್ತದೆ ಎಂಬುದನ್ನು ಅವರು ಮರೆಯುತ್ತಾರೆ.

ಇನ್ನೊಂದು ಸಂಗತಿ ಇಂಜಿನ್ನಿನ ಹೊರಗಿದೆ. ಸ್ಪ್ಲೆಂಡರಿನ ಕ್ಲಚ್ ಕೇಬಲ್, ಬ್ರೇಕ್ ಶೂ, ಚೈನ್ ಸ್ಪ್ರಾಕೆಟ್ ತಾಲ್ಲೂಕಿನ ಯಾವ ಆಟೊಮೊಬೈಲ್ಸ್ ಅಂಗಡಿಯಲ್ಲೂ ಮೊಳೆಗೆ ನೇತುಬಿದ್ದಿರುತ್ತವೆ. ಅದನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸುವ ಮೆಕ್ಯಾನಿಕ್ ಹೋಬಳಿಗೊಬ್ಬನಿದ್ದಾನೆ. ಇಪ್ಪತ್ತು ನಿಮಿಷದಲ್ಲಿ ರಿಪೇರಿಯಾಗುವ ಗಾಡಿ ಕೆಟ್ಟಿತೆಂದು ಯಾರೂ ಹೇಳುವುದಿಲ್ಲ. ಅದೇ ಬ್ರೇಕ್ ಲಿವರಿಗೆ ಮೂರು ವಾರ ಕಾಯಬೇಕಾದರೆ ಎಷ್ಟು ಒಳ್ಳೆಯ ಗಾಡಿಯೂ ಅಂಗಳದಲ್ಲಿ ನಿಂತ ಕಬ್ಬಿಣ.

ಆಫ್ರಿಕಾದವರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಉಗಾಂಡಾ, ಕೆನ್ಯಾಗಳಲ್ಲಿ ‘ಬೋಡಾ ಬೋಡಾ’ ಎಂದೂ ನೈಜೀರಿಯಾದಲ್ಲಿ ‘ಒಕಾಡಾ’ ಎಂದೂ ಕರೆಯುವ ಬೈಕ್ ಟ್ಯಾಕ್ಸಿಗಳ ಪೈಕಿ ದೊಡ್ಡ ಪಾಲು ನಮ್ಮ ಬಜಾಜ್ ಬಾಕ್ಸರ್, ಟಿವಿಎಸ್‌ನ ಎಚ್‌ಎಲ್‌ಎಕ್ಸ್ ಗಾಡಿಗಳು. ಮಣ್ಣಿನ ರಸ್ತೆ, ಹಿಂದೆ ಇಬ್ಬರು, ಜೊತೆಗೆ ಬಾಳೆಗೊನೆ. ಅಲ್ಲಿನ ಸವಾರನಿಗೆ ಗಾಡಿ ನಿಂತ ದಿನ ಊಟವಿಲ್ಲ. ಅವನು ಎಷ್ಟೋ ವರ್ಷಗಳಿಂದ ಅದೇ ಗಾಡಿಯನ್ನು ಮತ್ತೆ ಮತ್ತೆ ಕೊಳ್ಳುತ್ತಿದ್ದಾನೆಂದರೆ ಅದೊಂದು ಪ್ರಮಾಣಪತ್ರ. ಬೆಂಗಳೂರಿನ ಡೆಲಿವರಿ ಹುಡುಗರ ಗಾಡಿಗಳನ್ನೂ ಹೀಗೇ ನೋಡಬಹುದು. ದಿನಕ್ಕೆ 100 ಕಿ.ಮೀ. ಓಡಿದರೆ ವರ್ಷಕ್ಕೆ 30 ಸಾವಿರ ಕಿ.ಮೀ. ದಾಟುತ್ತದೆ. ದಿನಕ್ಕೆ 20 ಕಿ.ಮೀ. ಓಡಿಸುವ ಗುಮಾಸ್ತರ ಗಾಡಿ ಅಷ್ಟು ದೂರ ಹೋಗಲು ಐದು ವರ್ಷ ಬೇಕು. ಯಾವ ಗಾಡಿ ಎಷ್ಟು ದಿನ ಬಂತೆಂದು ಕೇಳುವುದಾದರೆ ಇಂಥ ಹುಡುಗರನ್ನೇ ಕೇಳಬೇಕು.

ಅಂಕಿಅಂಶ ಬೇಕೆನ್ನುವವರಿಗೆ ಅಮೆರಿಕದ ಒಂದು ಸಮೀಕ್ಷೆ ಇದೆ. ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 2015ರಲ್ಲಿ ಸಾವಿರಾರು ಮಾಲೀಕರನ್ನು ಕೇಳಿ, ನಾಲ್ಕು ವರ್ಷದ ಗಾಡಿಗಳಲ್ಲಿ ರಿಪೇರಿಗೆ ಬಂದವು ಎಷ್ಟೆಂದು ಅಂದಾಜು ಮಾಡಿತು. ಯಮಹಾ ಶೇ 11, ಸುಜುಕಿ ಮತ್ತು ಹೋಂಡಾ ಶೇ 12, ಕವಾಸಾಕಿ ಶೇ 15. ಹಾರ್ಲೆ ಡೇವಿಡ್‌ಸನ್ ಶೇ 26, ಡುಕಾಟಿ ಶೇ 33, ಬಿಎಂಡಬ್ಲ್ಯು ಶೇ 40. ಇದು ದೊಡ್ಡ ಬೈಕುಗಳ ಲೋಕದ ಮಾತು, ನಮ್ಮ ನೂರು ಸಿಸಿ ಗಾಡಿಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಅದರಲ್ಲಿ ಕಲಿಯಬೇಕಾದದ್ದು ಎರಡಿದೆ. ದೂರುಗಳ ಪಟ್ಟಿಯಲ್ಲಿ ಮುಂದೆ ನಿಂತದ್ದು ವೈರಿಂಗು, ಬ್ರೇಕು, ಬಿಡಿ ಸಲಕರಣೆಗಳು. ಗಾಡಿಯಲ್ಲಿ ಅಲಂಕಾರ ಹೆಚ್ಚಿದಷ್ಟೂ ಕೆಡುವ ಜಾಗ ಹೆಚ್ಚು. ಎರಡನೆಯದು ಇನ್ನೂ ಸೊಗಸಾಗಿದೆ. ಹೆಚ್ಚು ರಿಪೇರಿಗೆ ಬರುವ ಹಾರ್ಲೆಯ ಮಾಲೀಕರೇ ಸಂತೃಪ್ತಿಯ ಪಟ್ಟಿಯಲ್ಲಿ ಮುಂಚೂಣಿಯಲ್ಲಿದ್ದರು. ಪ್ರೀತಿಗೂ ನಂಬಿಕೆಗೂ ಸಂಬಂಧವಿಲ್ಲ ಎಂಬುದು ಬುಲೆಟ್ ಇಟ್ಟುಕೊಂಡ ಮನೆಯವರಿಗೆ ಮೊದಲೇ ಗೊತ್ತು.

2020ರ ಏಪ್ರಿಲ್ 1ರಿಂದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಚಿತ್ರ ಬದಲಾಗಿದೆ. ಹೆಚ್ಚಿನ ಗಾಡಿಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಚಳಿಯ ಬೆಳಿಗ್ಗೆ ಚೋಕ್ ಎಳೆಯುವುದಿಲ್ಲ, ಪ್ಲಗ್ ಒರೆಸುವುದಿಲ್ಲ, ಬಟನ್ ಒತ್ತಿದರೆ ಸಾಕು. ನಂಬಿಕೆ ಹೆಚ್ಚಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಒಂದು ಸೆನ್ಸರೋ ಪಂಪೋ ಕೆಟ್ಟರೆ ಹೋಬಳಿಯ ಮೆಕ್ಯಾನಿಕ್ ಕೈಕಟ್ಟಿ ನಿಲ್ಲುತ್ತಾನೆ. ಸ್ಕ್ಯಾನರ್ ಇರುವ ಸರ್ವಿಸ್ ಸೆಂಟರಿಗೆ ಗಾಡಿಯನ್ನು ಟೆಂಪೊದಲ್ಲಿ ಹೇರಿಕೊಂಡು ಹೋಗಬೇಕು. ಬ್ಯಾಟರಿ ಪೂರ್ತಿ ಸತ್ತರೆ ಹಲವು ಗಾಡಿಗಳು ತಳ್ಳಿದರೂ ಎಚ್ಚರಗೊಳ್ಳುವುದಿಲ್ಲ. ಹಳೆಯದು ಆಗಾಗ ಕೆಮ್ಮುತ್ತಿತ್ತು; ಹೊಸದು ಕೆಮ್ಮುವುದಿಲ್ಲ, ಒಮ್ಮೆಲೇ ಮಲಗುತ್ತದೆ. ಈ ಗಾಡಿಗಳ ಬಾಳಿಕೆ ಇಂಜಿನ್ನಿಗಿಂತ ಹೆಚ್ಚಾಗಿ, ಹದಿನೈದು ವರ್ಷದ ನಂತರವೂ ಕಂಪನಿ ಅವುಗಳ ಇಸಿಯು (ಇಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ), ಪಂಪುಗಳನ್ನು ಮಾರುತ್ತದೆಯೇ ಎಂಬುದರ ಮೇಲೆ ನಿಂತಿದೆ. ಎಲೆಕ್ಟ್ರಿಕ್ ಗಾಡಿಗಳ ಮಾತೂ ಅಷ್ಟೆ. ಸವೆಯುವ ಭಾಗ ಕಡಿಮೆ, ನಿಜ. ಇಪ್ಪತ್ತು ವರ್ಷ ಓಡಿದ ಸಾಕ್ಷಿ ಇನ್ನೂ ಹುಟ್ಟಿಲ್ಲ.

ಬಂಕಿನಲ್ಲಿ ಈಗ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಸಿಗುತ್ತಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಅದಕ್ಕೆಂದು ತಯಾರಾಗದ ಹಳೆಯ ಗಾಡಿಗಳ ರಬ್ಬರ್ ಪೈಪು, ವಾಷರುಗಳನ್ನು ಹಾಳುಮಾಡಬಹುದು. ಹಳೇ ಗಾಡಿ ಇರುವವರು ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ಮೂಲೆಗೆ ನಿಲ್ಲಿಸಬಾರದು. ಹೊಸ ಗಾಡಿಯವರು ಸದಾ ರಿಸರ್ವಿನಲ್ಲೇ ಓಡಿಸಬಾರದು. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಅದರ ಸುತ್ತಲಿನ ಪೆಟ್ರೋಲೇ.

ಊರೂ ಗಾಡಿಯ ಆಯಸ್ಸನ್ನು ಬರೆಯುತ್ತದೆ. ಸಂಡೂರಿನ ಅದಿರಿನ ಧೂಳಿನಲ್ಲಿ ಏರ್ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದನ್ನು ತೆಗೆದೆಸೆದು ಓಡಿಸಿದರೆ ಧೂಳು ಪಿಸ್ಟನ್ನಿಗೆ ಸಾಣೆ ಹಿಡಿಯುತ್ತದೆ. ಕುಂದಾಪುರದ ಉಪ್ಪುಗಾಳಿ ಮೊದಲು ತಿನ್ನುವುದು ಸೈಲೆನ್ಸರು, ಚೈನು, ಟ್ಯಾಂಕಿನ ಅಡಿಯನ್ನು. ಆಗುಂಬೆಯ ಮಳೆಯಲ್ಲಿ ಬ್ರೇಕ್ ಶೂ, ಬೇರಿಂಗುಗಳಿಗೆ ನೆಮ್ಮದಿಯಿಲ್ಲ. ಒಂದೇ ದಿನ ಒಂದೇ ಷೋರೂಮಿನಿಂದ ಹೊರಟ ಮೂರು ಗಾಡಿಗಳು ಈ ಮೂರು ಊರುಗಳಲ್ಲಿ ಮೂರು ಬಗೆಯಲ್ಲಿ ಮುದಿಯಾಗುತ್ತವೆ.

ಎಲ್ಲಕ್ಕಿಂತ ದೊಡ್ಡ ಶತ್ರು ಮಾತ್ರ ಎಲ್ಲ ಊರಿನಲ್ಲೂ ಒಂದೇ: ಎಣ್ಣೆ ನೋಡದಿರುವುದು. ಕಾರಿನ ಇಂಜಿನ್ನಿನಲ್ಲಿ ಮೂರು ನಾಲ್ಕು ಲೀಟರ್ ಎಣ್ಣೆ ಇರುತ್ತದೆ. ನೂರು ಸಿಸಿ ಬೈಕಿನಲ್ಲಿ ಒಂದು ಲೀಟರಿನ ಆಸುಪಾಸು. ಆ ಒಂದೇ ಲೀಟರ್ ಪಿಸ್ಟನ್ನು, ಗೇರು, ಕ್ಲಚ್ಚು ಮೂರನ್ನೂ ಸಾಕಬೇಕು. ಕಾಲು ಲೀಟರ್ ಕಡಿಮೆಯಾದರೆ ಕಾಲು ಭಾಗ ರಕ್ತ ಹೋದ ಹಾಗೆ. ಮನೆಯಲ್ಲಿ ಉಳಿದ ಕಾರಿನ ಎಣ್ಣೆಯನ್ನು ಬೈಕಿಗೆ ಸುರಿಯುವ ಜಾಣರಿದ್ದಾರೆ. ಬೈಕಿನ ಕ್ಲಚ್ ಎಣ್ಣೆಯಲ್ಲೇ ಮುಳುಗಿ ಕೆಲಸ ಮಾಡುವುದರಿಂದ, ಹೆಚ್ಚು ಜಾರುವ ಕಾರಿನ ಎಣ್ಣೆ ಹಾಕಿದರೆ ಕ್ಲಚ್ಚೇ ಜಾರತೊಡಗುತ್ತದೆ. ಡಬ್ಬಿಯ ಮೇಲೆ ‘ಜಾಸೊ ಎಂಎ’ ಎಂಬ ಗುರುತಿದೆಯೇ ನೋಡಿ ಕೊಳ್ಳಬೇಕು. ಐನೂರು ರೂಪಾಯಿಯ ಆಸುಪಾಸಿನಲ್ಲಿ ಮುಗಿಯುವ ಈ ಕೆಲಸವನ್ನು ಮುಂದೂಡಿದವರೇ ಕೊನೆಗೆ ಇಂಜಿನ್ ಬಿಚ್ಚಿಸಿ ಸಾವಿರಗಳ ಲೆಕ್ಕದಲ್ಲಿ ಕೊಡುತ್ತಾರೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೀಟರನ್ನು ನಂಬುವುದು ಬೇಡ. ಕಿಕ್ಕರಿನ, ಫುಟ್‌ರೆಸ್ಟಿನ ರಬ್ಬರ್ ನೋಡಿ. ಅವು ಸುಳ್ಳು ಹೇಳುವುದಿಲ್ಲ. ನೀವು ಹೋಗುವ ಹೊತ್ತಿಗೆ ಇಂಜಿನ್ ಆಗಲೇ ಬಿಸಿಯಾಗಿದ್ದರೆ, ತಣ್ಣಗಿರುವಾಗ ಅದು ಸ್ಟಾರ್ಟ್ ಆಗಲು ಹಟ ಮಾಡುತ್ತದೆಯೇನೋ ಎಂದು ಶಂಕಿಸಿ. ಆಕ್ಸಲರೇಟರ್ ಕೊಟ್ಟಾಗ ನೀಲಿ ಹೊಗೆ ಬಂದರೆ ಒಳಗೆ ಎಣ್ಣೆ ಉರಿಯುತ್ತಿದೆ. ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ತಿರುಗಿಸಿ. ನಡುವಿನಲ್ಲಿ ಕಚ್ಚಿಕೊಂಡರೆ ಕೋನ್‌ಸೆಟ್ ಹೋಗಿದೆ. ಆರ್‌ಸಿಗೆ ಮೊದಲ ಆಯಸ್ಸು 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅದು ಮುಗಿಯಲು ಬಂದಿದೆಯೇ ನೋಡಿಕೊಳ್ಳಿ.

ಇಷ್ಟು ಹೇಳಿದ ಮೇಲೆ ತೀರ್ಪು ಕೊಡದೆ ನುಣುಚಿಕೊಳ್ಳುವಂತಿಲ್ಲ. ದಿನಾ ಕೆಲಸಕ್ಕೆ, ಸಂತೆಗೆ, ಸ್ಕೂಲಿಗೆ ಓಡಾಡುವವರಿಗೆ ಗಾಳಿಯಲ್ಲೇ ತಣಿಯುವ, 100ರಿಂದ 125 ಸಿಸಿಯ ಸಾದಾ ಗಾಡಿಗಿಂತ ನಂಬಿಕೆಯದು ಬೇರೆ ಇಲ್ಲ. ಸ್ಪ್ಲೆಂಡರ್ ಮೊದಲು, ಪ್ಲಾಟಿನಾ, ಶೈನ್ ಅದರ ಹಿಂದೆಯೇ. ಹೊರೆ ಹೊರಬೇಕಾದರೆ ಟಿವಿಎಸ್ ಎಕ್ಸ್‌ಎಲ್ 100. ದೂರದ ದಾರಿ ಹಿಡಿಯುವವರು ಎಚ್‌ಪಿಯ ಆಸೆ ಬಿಟ್ಟು, ದೊಡ್ಡ ಸಿಸಿಯಿಂದ ಕಡಿಮೆ ಕೆಲಸ ತೆಗೆಯುವ ಗಾಡಿ ಹುಡುಕಲಿ. ಈಗಿನ 350 ಸಿಸಿಯ ಎನ್‌ಫೀಲ್ಡ್ ಮತ್ತು ಹೋಂಡಾಗಳು ಲೀಟರಿಗೆ 60 ಎಚ್‌ಪಿಯ ಆಸುಪಾಸಿನಲ್ಲೇ ಇವೆ. ಯಾವುದನ್ನೇ ಕೊಂಡರೂ ಹಣ ಕೊಡುವ ಮೊದಲು ನಿಮ್ಮೂರಿನ ಮೆಕ್ಯಾನಿಕ್ಕನ್ನು ಒಂದು ಮಾತು ಕೇಳಿ: ‘ಇದರ ಕೆಲಸ ನಿನಗೆ ಬರುತ್ತಾ?’

ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂದ ಆ ಜಾಹೀರಾತು ಹೇಳಿದ್ದು ಪೆಟ್ರೋಲಿನ ವಿಷಯ. ನಾವು ಎಣ್ಣೆಯನ್ನೂ ಮರೆತೆವು. ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಗಾಡಿಗೆ ಸೆಂಟರ್ ಸ್ಟ್ಯಾಂಡ್ ಹಾಕಿ, ಎಣ್ಣೆಯ ಮುಚ್ಚಳ ಬಿಚ್ಚಿ, ಅದರ ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸಿ, ತಿರುಗಿಸಿ ಬಿಗಿಯದೆ ಸುಮ್ಮನೆ ಒಳಗಿಟ್ಟು ತೆಗೆಯಿರಿ. ಎಣ್ಣೆ ಕೆಳಗಿನ ಗೆರೆಗಿಂತ ಇಳಿದಿದ್ದರೆ, ಈ ಅಂಕಣದ ಉಳಿದ ಮಾತನ್ನೆಲ್ಲ ಬದಿಗಿಟ್ಟು ಮೊದಲು ಎಣ್ಣೆ ಹಾಕಿಸಿ.